ಕುರ್ಚಿ ಇಟ್ಟ ಜಾಗ

“ಖಾಲಿ ಅಂತೆ ಖಾಲಿ! ಯಾವನಪ್ಪ ಅದನ್ನ ಖಾಲಿ ಅಂದೋನು?”

ವರ್ನಾ ಹುಡಾಕ್ ಎದ್ದು ನಿಂತ ರಭಸಕ್ಕೆ ಅವಳು ಕೂತಿದ್ದ ಮಡಿಸುವ ಕುರ್ಚಿ ಹಿಂದಕ್ಕೆ ಬಿದ್ದು ಇಗರ್ಜಿಯ ನೆಲಮಾಳಿಗೆಯೆಲ್ಲ ಸದ್ದಾಯಿತು. ಎದುರಿನ ಬಿಳಿ ಪರದೆಯ ಮೇಲೆ ಟ್ಯಾನರ್ ಬೀದಿಯ ಫೋಟೋ ಇತ್ತು. ನಡುವೆ ವರ್ನಾಳ ಮನೆ, ಮನೆಯ ಮುಂದೆ ಒಂದು ಕಾರು ಹಿಡಿಯುವಷ್ಟು ಜಾಗ, ಆ ಜಾಗದಲ್ಲಿ ಅವಳ ಅಡುಗೆಮನೆಯ ಹಳದಿ ಕುರ್ಚಿ. ಕುರ್ಚಿಯ ಸುತ್ತ ಯಾರೋ ಕೆಂಪು ಚೌಕ ಎಳೆದು ಕೆಳಗೆ ‘ಖಾಲಿ’ ಎಂದು ಬರೆದಿದ್ದರು.

“ನಾವು ಬೇರೆ ಬೇರೆ ಹೊತ್ತಲ್ಲಿ ಬಂದು ನೋಡಿದೀವಮ್ಮ,” ಎಂದ ಪರದೆಯ ಪಕ್ಕ ನಿಂತಿದ್ದ ಪ್ರೆಸ್ಕಾಟ್. ನಗರಸಭೆ ಗುತ್ತಿಗೆ ಕೊಟ್ಟಿದ್ದ ಯಾವುದೋ ಕಂಪನಿಯ ಎಂಜಿನಿಯರು ಅವನು. ಊರಿನವನಲ್ಲ ಎಂಬುದು ಬಾಯಿ ಬಿಟ್ಟ ಕೂಡಲೇ ಗೊತ್ತಾಗುತ್ತಿತ್ತು. “ಈ ಬೀದೀಲಿ ಎಷ್ಟೋ ಜಾಗ ಯಾವಾಗ್ಲೂ ಖಾಲಿನೇ ಇರುತ್ತೆ. ಅದಕ್ಕೇ, ಗುಡ್ಡ ಹತ್ತೋ ಬದೀಲಿ ಕಾರು ನಿಲ್ಲಿಸೋದನ್ನ ತೆಗೆದು, ಹಸಿರು ಬಣ್ಣ ಬಳಿದು ಸೈಕಲ್ಲಿಗೆ ದಾರಿ ಮಾಡಿದ್ರೆ ಯಾರಿಗೂ ಅಂಥ ತೊಂದರೆ ಆಗಲ್ಲ.”

“ಕಣ್ಣಿದೆಯೇನಪ್ಪ ನಿನಗೆ? ಅಲ್ಲಿ ಕುರ್ಚಿ ಕಾಣಲ್ವಾ?”

“ಕಾಣುತ್ತೆ. ಆದರೆ ಕುರ್ಚಿ ವಾಹನ ಅಲ್ಲವಲ್ಲ.”

ನೆಲಮಾಳಿಗೆಯೇ ಹಾರಿಹೋಗುವ ಹಾಗೆ ಜನ ನಕ್ಕರು. ನಗುವಿನ ಬೆನ್ನಿಗೇ ಬೈಗುಳ ಶುರುವಾಯಿತು. ಪಿಟ್ಸ್‌ಬರ್ಗಿಗೆ ಬಂದು, ಈ ಗುಡ್ಡದ ಮೇಲೆ ನಿಂತು, ಕುರ್ಚಿ ಇಟ್ಟ ಜಾಗವನ್ನು ಖಾಲಿ ಎಂದು ಎಣಿಸಿಕೊಂಡು ಹೋಗಿದ್ದಾನಲ್ಲ, ಇಂಥವನಿಗೆ ಎಂಜಿನಿಯರ್ ಪದವಿ ಕೊಟ್ಟವರು ಯಾರು? ಪರದೆಯ ಮೇಲೆ ಇನ್ನೊಂದು ಫೋಟೋ ಬಂತು: ಒಂದು ಪ್ಲಾಸ್ಟಿಕ್ ಕುರ್ಚಿ, ಖಾಲಿ. ಮತ್ತೊಂದು: ಮಗುವಿಗೆ ಉಣ್ಣಿಸುವ ಎತ್ತರದ ಕುರ್ಚಿ, ಖಾಲಿ. ಮಗದೊಂದು: ಇಸ್ತ್ರಿ ಮಾಡುವ ಮೇಜು, ಅದೂ ಖಾಲಿ.

“ಕೇಳಿಲ್ಲಿ,” ಎಂದಳು ವರ್ನಾ. ಎಪ್ಪತ್ತು ದಾಟಿದ್ದರೂ ಶಾಲೆಯ ಊಟದ ಮನೆಯಲ್ಲಿ ಮಕ್ಕಳನ್ನು ಸಾಲಿಗೆ ನಿಲ್ಲಿಸಿದ ಗಂಟಲು ಅವಳದು. “ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳುತ್ತೆ. ಅದನ್ನ ಸೊಂಟ ಮುರಿದು ಎತ್ತಿ ಹಾಕಿ ಜಾಗ ಮಾಡ್ಕೊಂಡೋರು ಅಲ್ಲಿ ಕುರ್ಚಿ ಇಟ್ಟು ಕೆಲಸಕ್ಕೆ ಹೋಗ್ತಾರೆ. ವಾಪಸ್ ಬರೋವರೆಗೂ ಕುರ್ಚಿ ಅಲ್ಲೇ ಇರುತ್ತೆ. ಪೊಲೀಸ್ನೋನೂ ಮುಟ್ಟಲ್ಲ, ಕಳ್ಳನೂ ಮುಟ್ಟಲ್ಲ. ಬೇಸಿಗೇಲೂ ಅಷ್ಟೇ. ಕುರ್ಚಿ ಇದ್ರೆ ಮನುಷ್ಯ ಇದ್ದ ಹಾಗೆ, ತಿಳೀತಾ? ನನ್ನ ಎಮಿಲ್ ಇದ್ದಿದ್ರೆ ನಿನಗೆ ಬಕೆಟ್ಟಲ್ಲೇ ಪಾಠ ಹೇಳ್ತಿದ್ದ.”

ಬಕೆಟ್ಟೆಂದ ಕೂಡಲೇ ಹಳಬರೆಲ್ಲ ಮೇಜು ಕುಟ್ಟಿ ನಕ್ಕರು. ಹಿಂದೊಮ್ಮೆ ಯಾರೋ ಹೊರಗಿನವನು ವರ್ನಾಳ ಗಂಡ ಎಮಿಲನ ಕುರ್ಚಿಯನ್ನು ಸರಿಸಿ ತನ್ನ ಕಾರು ನಿಲ್ಲಿಸಿ ಹೋಗಿದ್ದ. ಕೊರೆಯುವ ಚಳಿ. ಎಮಿಲನೂ ಪಕ್ಕದ ಮನೆಯ ಕ್ಲೆಮ್ಮೂ ಸೇರಿ ಬಕೆಟ್ಟುಗಟ್ಟಲೆ ನೀರು ಹೊತ್ತು ಆ ಕಾರಿಗೆ ಅಭಿಷೇಕ ಮಾಡಿದ್ದರು. ಬೆಳಗಾಗುವ ಹೊತ್ತಿಗೆ ಕಾರು ಹೆಪ್ಪುಗಟ್ಟಿ ಬಾಗಿಲು ಯಾವುದು, ಗಾಜು ಯಾವುದು ತಿಳಿಯದಂತಾಗಿತ್ತು. ಆಮೇಲೆ ಆ ಬೀದಿಯಲ್ಲಿ ಯಾರೂ ಯಾರ ಕುರ್ಚಿಯನ್ನೂ ಮುಟ್ಟಿದ್ದಿಲ್ಲ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದ ಯೆಸೆನಿಯಾ. ಗುಡ್ಡದ ಮೇಲಿನ ಬಾಡಿಗೆ ಮನೆಗೆ ಬಂದು ಎರಡು ವರ್ಷವಾಗಿತ್ತು. “ನಾನು ದಿನಾ ಸೈಕಲ್ಲಲ್ಲೇ ಹೋಗಿ ಬರೋದು. ಇಳಿಯೋವಾಗ ತೊಂದರೆ ಇಲ್ಲ. ಹತ್ತೋವಾಗ ಕಾರಿನೋರು ಹಿಂದೇನೇ ಹಾರ್ನ್ ಹೊಡ್ಕೊಂಡು…”

“ಹತ್ತೋಕಾಗದಿದ್ರೆ ಇಳಿದು ತಳ್ಳು! ಅದಕ್ಕೆ ನಾವು ಮನೆ ಮುಂದಿನ ಜಾಗ ಬಿಡಬೇಕಾ?” ಎಂದಳು ವರ್ನಾ.

“ತಳ್ಕೊಂಡೇ ಬರ್ತಿದ್ದೆ ಅಮ್ಮ, ಕಾರು ಗುದ್ದಿದ ದಿನಾನೂ ತಳ್ಕೊಂಡೇ ಬರ್ತಿದ್ದೆ,” ಎಂದು ಆಕೆ ಅಂಗಿಯ ತೋಳು ಮಡಿಸಿ ಮೊಣಕೈ ತೋರಿಸಿದಳು. ಹೊಲಿಗೆ ಹಾಕಿದ ಗುರುತು ಇನ್ನೂ ಕೆಂಪಗಿತ್ತು.

ವರ್ನಾ ಅದನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು. ಅವಳ ಮೈ ಉರಿಯುತ್ತಿತ್ತು. ಕೋಪ ಬಂದಾಗ ಎದುರಿನವರ ಗಾಯ ಕಾಣುವುದು ಬಹಳ ಕಿರಿಕಿರಿಯ ಸಂಗತಿ. “ಟ್ರೂಡಿ, ನೀನು ಹೇಳೇ,” ಎಂದು ಪಕ್ಕದ ಸಾಲಿಗೆ ಕೂಗಿದಳು. “ಕ್ಲೆಮ್‌ಗೆ ಎಷ್ಟು ಕಷ್ಟ ಅಂತ ಇವರಿಗೆ ಹೇಳು. ಈ ಬದೀಲಿ ಕಾರು ನಿಲ್ಲಿಸಬಾರದು ಅಂದ್ರೆ ಅಂಥೋರು ಏನ್ಮಾಡ್ಬೇಕು, ಹೇಳು.”

ಟ್ರೂಡಿ ಪಕ್ಕದ ಮನೆಯವಳು. ಅವಳ ಗಂಡ ಕ್ಲೆಮ್ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಸ್ಸು ಸವೆಸಿ, ಈಗ ಮೂಗಿಗೆ ಆಕ್ಸಿಜನ್ನಿನ ಕೊಳವೆ ಸಿಕ್ಕಿಸಿಕೊಂಡು ಓಡಾಡುವ ಸ್ಥಿತಿಗೆ ಬಂದಿದ್ದ. ಅವರ ಮನೆಯ ಮುಂದೆ ಬೆಂಕಿ ಆರಿಸುವವರು ನೀರು ಹಿಡಿಯುವ ಕಂಬವಿದ್ದದ್ದರಿಂದ ಅಲ್ಲಿ ಕಾರು ನಿಲ್ಲಿಸುವ ಹಾಗಿರಲಿಲ್ಲ. ಟ್ರೂಡಿ ನಿಧಾನವಾಗಿ ಎದ್ದಳು. ಇಗರ್ಜಿಯಲ್ಲಿ ಶುಕ್ರವಾರ ಮಾರುವ ಪಿರೋಗಿ ಕಡುಬಿಗೆ ಮಧ್ಯಾಹ್ನವೆಲ್ಲ ಈರುಳ್ಳಿ ಹುರಿದಿದ್ದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

“ಗೆರೆ ಎಳೀಲಿ,” ಎಂದಳು.

“ಏನಂದೆ?”

“ಸೈಕಲ್ಲಿನ ದಾರಿ ಮಾಡ್ಲಿ ಅಂದೆ. ನನ್ನ ಒಪ್ಪಿಗೆ ಇದೆ.”

“ತಲೆ ನೆಟ್ಟಗಿದೆಯೇನೇ ನಿನಗೆ? ಕ್ಲೆಮ್ ಗತಿ ಏನು?”

“ಕ್ಲೆಮ್ ಗತಿ!” ಟ್ರೂಡಿಯ ದನಿ ಒಮ್ಮೆಗೇ ಮೇಲೇರಿತು. “ಈಗ ಜ್ಞಾಪಕ ಬಂತಾ ಕ್ಲೆಮ್ ಗತಿ? ಆಸ್ಪತ್ರೆಯಿಂದ ಬಂದು ಕೆಳಗೆ ಎಲ್ಲೋ ಕಾರು ನಿಲ್ಲಿಸಿ, ಆ ಮನುಷ್ಯನ್ನ ಹೆಗಲಿಗೆ ಆನಿಸ್ಕೊಂಡು ಈ ಗುಡ್ಡ ಹತ್ತಿಸ್ತೀನಿ. ನಡುಬೀದೀಲಿ ಇಳಿಸೋಣ ಅಂದ್ರೆ ಹಿಂದೆ ಬಸ್ಸಿನೋನು ಬಡ್ಕೊತಾನೆ. ಇಳಿಸಿ ಕಾರು ಬಿಟ್ಟು ಬರೋಣ ಅಂದ್ರೆ ಅವರು ಒಬ್ಬರೇ ನಿಲ್ಲಲಾರರು. ನಮ್ಮ ಮೆಟ್ಟಿಲ ಪಕ್ಕದಲ್ಲೇ ಜಾಗ ಇದೆ. ಅಲ್ಲಿ ಏನಿದೆ? ಕುರ್ಚಿ! ಕಾರು ಎಲ್ಲಿದೆ ವರ್ನಾ? ಹೇಳು ಎಲ್ಲರಿಗೂ. ನಿನ್ನ ಕಾರು ಎಲ್ಲಿ?”

ನೆಲಮಾಳಿಗೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಎಮಿಲ್ ಸತ್ತ ಮೇಲೆ ವರ್ನಾ ಕಾರನ್ನು ಅಣ್ಣನ ಮಗನಿಗೆ ಕೊಟ್ಟಿದ್ದು ಬೀದಿಗೆಲ್ಲ ಗೊತ್ತಿತ್ತು. ಕೇಳಿದವರಿಗೆ ಅವಳು ‘ರಿಪೇರಿಗೆ ಹೋಗಿದೆ’ ಎನ್ನುತ್ತಿದ್ದಳು. ಹಾಗೆ ಹೇಳಿ ಒಂದು ಪೂರ್ತಿ ಚಳಿಗಾಲ ಕಳೆದಿತ್ತು. ಆ ಚಳಿಗಾಲವೆಲ್ಲ ಅವಳೇ ಸಲಿಕೆ ಹಿಡಿದು ಇಲ್ಲದ ಕಾರಿಗಾಗಿ ಹಿಮ ಎತ್ತಿಹಾಕಿ ಕುರ್ಚಿ ಇಟ್ಟಿದ್ದಳು. ಅಲ್ಲಿ ಬೇರೆ ಯಾರದೋ ಕಾರು ನಿಂತಿರುವುದನ್ನು ಕಿಟಕಿಯಿಂದ ನೋಡುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ.

“ಕೇಳಬಹುದಿತ್ತಲ್ಲ,” ಎಂದಳು ವರ್ನಾ. “ಬಾಯಿ ಬಿಟ್ಟು ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?”

“ಕುರ್ಚಿ ಇಟ್ಟ ಜಾಗ ಕೇಳ್ತಾರೇನೇ ಯಾರಾದ್ರೂ? ನಿಮ್ಮಮ್ಮ ಕೇಳಿದ್ರಾ, ನಮ್ಮಮ್ಮ ಕೇಳಿದ್ರಾ? ಇಟ್ಟೋರು ತೆಗೀಬೇಕು. ನೀನು ತೆಗೀಲಿಲ್ಲ. ತಾನೂ ತಿನ್ನಲ್ಲ, ಇನ್ನೊಬ್ಬರಿಗೂ ಬಿಡಲ್ಲ.” ಟ್ರೂಡಿ ಪ್ರೆಸ್ಕಾಟನ ಕಡೆ ತಿರುಗಿದಳು. “ಬಳಿಯಪ್ಪ ನಿನ್ನ ಬಣ್ಣ. ಬಣ್ಣದ ಮೇಲಾದ್ರೆ ಒಂದು ನಿಮಿಷ ಕಾರು ಹತ್ತಿಸಿ ನನ್ನ ಗಂಡನ್ನ ಮೆಟ್ಟಿಲಿಗೆ ಬಿಡಬಹುದು. ಬಣ್ಣ ದಾಟಬಹುದು. ಇವಳ ಕುರ್ಚಿ ದಾಟೋಕಾಗಲ್ಲ.”

ಕೈ ಎತ್ತಿಸಿ ಮತ ಎಣಿಸಿದಾಗ ಏನಾಯಿತೆಂದು ವರ್ನಾ ನೋಡಲಿಲ್ಲ. ಅಷ್ಟರಲ್ಲಿ ಅವಳು ಹೊರಗೆ ಬಂದು ಗುಡ್ಡ ಹತ್ತುತ್ತಿದ್ದಳು. ಇನ್ನೂ ಬೆಳಕಿತ್ತು. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಅದಕ್ಕೇ ಎಲ್ಲರ ಮೇಲೂ ಮಾಡಿದಳು. ಆ ಎಂಜಿನಿಯರಿನ ಮೇಲೆ, ಮೊಣಕೈ ತೋರಿಸಿದವಳ ಮೇಲೆ, ಊರಿನ ಮುಂದೆ ಮಾನ ಹರಾಜು ಹಾಕಿದ ಟ್ರೂಡಿಯ ಮೇಲೆ, ತನ್ನನ್ನು ಬಿಟ್ಟು ಮುಂದೆ ಹೋದ ಎಮಿಲನ ಮೇಲೆ. ಅರ್ಧ ದಾರಿಗೆ ಉಸಿರು ಸಿಕ್ಕಿಕೊಂಡಿತು. ದೀಪದ ಕಂಬ ಹಿಡಿದು ನಿಂತಳು. ಆಗ, ಬೇಡ ಬೇಡವೆಂದರೂ, ಕ್ಲೆಮ್ ಕಣ್ಣ ಮುಂದೆ ಬಂದ.

ಹೋದ ಚಳಿಗಾಲದಲ್ಲಿ ಒಂದು ದಿನ ಅವಳು ಕಿಟಕಿಯ ಪರದೆ ಸರಿಸಿದ್ದಳು. ಕ್ಲೆಮ್ ಅವಳ ಮನೆಯ ಮುಂದೆ ಬಂದು ನಿಂತಿದ್ದ. ಮುಂದೆ ಹೆಜ್ಜೆ ಇಡಲಾರದೆ, ಬಾಯಿ ತೆರೆದು ಗಾಳಿ ಎಳೆಯುತ್ತ, ಹೀಗೇ ಕಂಬ ಹಿಡಿದಿದ್ದ. ಟ್ರೂಡಿ ಅವನ ಬೆನ್ನು ನೀವುತ್ತಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಳದಿ ಕುರ್ಚಿ ಇತ್ತು. ಅವನು ಕೂರಲಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಕೈಯನ್ನೂ ಊರಲಿಲ್ಲ. ಎಮಿಲನ ಜೊತೆ ಬಕೆಟ್ಟು ಹೊತ್ತವನಲ್ಲವೇ ಅವನು! ವರ್ನಾ ಪರದೆ ಎಳೆದು ಒಲೆಯ ಮೇಲಿದ್ದ ಸೂಪು ನೋಡಲು ಹೋಗಿದ್ದಳು. ಸೂಪೇನೂ ಉಕ್ಕುತ್ತಿರಲಿಲ್ಲ.

ಮನೆ ಮುಟ್ಟಿದವಳು ಕುರ್ಚಿಯ ಮುಂದೆ ನಿಂತಳು. ಅದನ್ನು ಒಳಗೆ ಒಯ್ಯಬೇಕೆಂದು ಒಂದು ಸಲ ಕೈ ಹಾಕಿದಳು. ಆಗಲೇ ಕೆಳಗಿನಿಂದ ಸಭೆ ಮುಗಿಸಿ ಬರುವವರ ಮಾತು ಕೇಳಿಸಿತು. ಇವರ ಕಣ್ಣೆದುರಿಗೆ ತೆಗೆಯುವುದೇ? ಸತ್ತರೂ ಇಲ್ಲ. ಕುರ್ಚಿಯನ್ನು ಇನ್ನಷ್ಟು ನೆಟ್ಟಗೆ ಮಾಡಿ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಬೇಸಿಗೆಯೆಲ್ಲ ಎರಡು ಮನೆಗಳ ನಡುವೆ ಮಾತು ನಿಂತಿತು. ಟ್ರೂಡಿ ಮೊದಲಿನಂತೆಯೇ ಗಂಡನನ್ನು ನಡೆಸಿಕೊಂಡು ಬರುತ್ತಿದ್ದಳು, ವರ್ನಾ ಮೊದಲಿನಂತೆಯೇ ಕುರ್ಚಿ ಇಡುತ್ತಿದ್ದಳು. ಈಗ ಅದನ್ನು ತೆಗೆದರೆ ತಪ್ಪೊಪ್ಪಿಕೊಂಡಂತೆ. ತೆಗೆಯದಿದ್ದರೆ ಏನಾದಂತೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಪರದೆಯನ್ನಂತೂ ಸರಿಸುತ್ತಲೇ ಇರಲಿಲ್ಲ.

ಬಣ್ಣದವರು ಬಂದದ್ದು ಬಿಸಿಲು ಚುರುಗುಡುತ್ತಿದ್ದ ಒಂದು ಬೆಳಿಗ್ಗೆ. ಬೀದಿಯ ಎರಡೂ ತುದಿಗೆ ಅಡ್ಡಕಟ್ಟೆ ಇಟ್ಟು, ಕೆಳಗಿನಿಂದ ಹಸಿರು ಬಳಿಯುತ್ತ ಮೇಲಕ್ಕೆ ಬಂದರು. ಉಳಿದವರೆಲ್ಲ ಹಿಂದಿನ ದಿನವೇ ತಮ್ಮ ತಮ್ಮ ಕುರ್ಚಿ, ಮೇಜು ಒಳಗೆ ಹಾಕಿಕೊಂಡಿದ್ದರು. ಹಳದಿ ಕುರ್ಚಿ ಒಂದೇ ಅಲ್ಲಿತ್ತು.

“ಅಮ್ಮಾ! ಕುರ್ಚಿ!” ಎಂದು ಮೇಸ್ತ್ರಿ ಕೂಗಿದ. ವರ್ನಾ ಪರದೆಯ ಹಿಂದಿನಿಂದ ಕೇಳಿಸಿಕೊಂಡಳು, ಅಲುಗಲಿಲ್ಲ.

“ಎತ್ತಿ ಪಕ್ಕಕ್ಕೆ ಇಡಲಾ?” ಎಂದ ಕೆಲಸದವರಲ್ಲೊಬ್ಬ.

“ಎಲ್ಲಿಯೋನೋ ನೀನು? ನಿಮ್ಮಜ್ಜಿ ಏನೂ ಹೇಳಿಕೊಡಲಿಲ್ವಾ?” ಎಂದ ಮೇಸ್ತ್ರಿ, ತಲೆ ಕೆರೆದುಕೊಂಡ. “ಸುತ್ತ ಬಳಿದುಬಿಡು. ನಮಗ್ಯಾಕೆ.”

ಹಾಗೇ ಬಳಿದರು. ಕುರ್ಚಿಯ ಕೆಳಗೂ ಸುತ್ತಲೂ ಒಂದಿಷ್ಟು ಟಾರು ಕಪ್ಪಗೆ ಉಳಿಸಿ, ಹಸಿರು ಮುಂದಕ್ಕೆ ಹೋಯಿತು.

ಅವರು ಗುಡ್ಡದ ನೆತ್ತಿ ತಲುಪುವ ಹೊತ್ತಿಗೆ ಕೆಳಗಿನಿಂದ ಆ ಉಸಿರಿನ ಸದ್ದು ಬಂತು. ಮುಚ್ಚಿದ ಪರದೆಯೊಳಗೂ ಅದು ಕೇಳಿಸುತ್ತಿತ್ತು. ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ವರ್ನಾ ಅಡುಗೆಮನೆಗೆ ಹೋದಳು. ಅಲ್ಲಿಗೂ ಕೇಳಿಸಿತು. ಮೇಜಿನ ಸುತ್ತ ಮೂರು ಹಳದಿ ಕುರ್ಚಿಗಳಿದ್ದವು. “ಥೂ!” ಎಂದು ತನಗೇ ಉಗಿದುಕೊಂಡು ಬಾಗಿಲು ದಡಾರನೆ ತೆಗೆದು ಹೊರಗೆ ಬಂದಳು.

ಕ್ಲೆಮ್ ದೀಪದ ಕಂಬ ಹಿಡಿದು ನಿಂತಿದ್ದ. ತುಟಿ ನೀಲಿಯಾಗಿತ್ತು. ಟ್ರೂಡಿ ಒಂದು ಕೈಯಲ್ಲಿ ಆಕ್ಸಿಜನ್ನಿನ ಚೀಲ, ಇನ್ನೊಂದರಲ್ಲಿ ಅವನ ತೋಳು ಹಿಡಿದಿದ್ದಳು. ಅವಳು ವರ್ನಾಳನ್ನು ನೋಡಿ ಬೇರೆ ಕಡೆ ಮುಖ ಮಾಡಿದಳು.

ವರ್ನಾ ಹಸಿ ಬಣ್ಣದ ಮೇಲೆಯೇ ಚಪ್ಪಲಿ ಊರಿ ನಡೆದುಹೋಗಿ ಕುರ್ಚಿ ಎತ್ತಿ ತಂದಳು. ಕಾಲುದಾರಿಯ ಮೇಲೆ, ಕ್ಲೆಮ್‌ನ ಹಿಂದೆ, ಟಕ್ಕೆಂದು ಇಟ್ಟಳು.

“ಕೂತ್ಕೊ.”

ಕ್ಲೆಮ್ ಕುರ್ಚಿಯನ್ನು ನೋಡಿದ. “ನಿಂದು… ಕುರ್ಚಿ… ವರ್ನಾ,” ಎಂದ, ಒಂದೊಂದು ಮಾತಿಗೂ ಉಸಿರು ಹೆಕ್ಕುತ್ತ.

“ನಂದೇ. ಅದಕ್ಕೇ ಹೇಳ್ತಿದೀನಿ ಕೂತ್ಕೊ ಅಂತ. ಏನು ನೋಡ್ತೀಯ, ಸಿಂಹಾಸನಾನಾ ಅದು? ಬೀಳ್ತೀಯ, ಕೂತ್ಕೊಳೋ!” ಅವಳು ಬಯ್ಯುವ ದನಿಯಲ್ಲೇ ಕೂಗಿದಳು. ಬೇರೆ ದನಿ ಆಗ ಅವಳ ಬಳಿ ಇರಲಿಲ್ಲ.

ಕ್ಲೆಮ್ ಹೆಂಡತಿಯ ಮುಖ ನೋಡಿದ. ಟ್ರೂಡಿ ಚೀಲವನ್ನು ಕುರ್ಚಿಯ ಕಾಲ ಬಳಿ ಇಟ್ಟು ಅವನ ತೋಳು ಹಿಡಿದು ನಿಧಾನ ಇಳಿಸಿದಳು. ಆಮೇಲೆ ವರ್ನಾಳಿಗೆ ಬೆನ್ನು ಮಾಡಿ ಬೀದಿಯ ಕಡೆ ತಿರುಗಿ ನಿಂತಳು. ವರ್ನಾಳೂ ಅಲ್ಲೇ ನಿಂತಳು, ಚಪ್ಪಲಿಗೆ ಹಸಿರು ಮೆತ್ತಿಕೊಂಡು. ಮೂವರೂ ಅವನ ಉಸಿರು ಸಮಕ್ಕೆ ಬರುವುದನ್ನು ಕಾಯುತ್ತಿದ್ದರು.

ಎದುರಿಗೆ ಬಣ್ಣ ಬಿಸಿಲಿಗೆ ಒಣಗುತ್ತಿತ್ತು. ಗುಡ್ಡದ ಬುಡದಿಂದ ನೆತ್ತಿಯವರೆಗೆ ಒಂದೇ ಸಮನೆ ಹಸಿರು. ನಡುವೆ ಒಂದು ಕಡೆ ಮಾತ್ರ, ವರ್ನಾಳ ಚಪ್ಪಲಿಯ ಗುರುತು ಮುಗಿಯುವಲ್ಲಿ, ಒಂದು ಕುರ್ಚಿ ಹಿಡಿಯುವಷ್ಟು, ಕಪ್ಪು ಟಾರು ಹಾಗೇ ಉಳಿದಿತ್ತು.