ಬಾಣಂತಿ ಬುಟ್ಟಿಯ ಸೀಸೆ

ಶನಿವಾರ ಬಂತೆಂದರೆ ನಮ್ಮ ಪಾದ್ರಿಗಳ ಮನೆಯಲ್ಲಿ ಉಸಿರು ಬಿಡುವುದಕ್ಕೂ ಅಪ್ಪಣೆ ಬೇಕಾಗಿತ್ತು. ಪೆಲ್ ಪಾದ್ರಿಗಳು ಭಾನುವಾರ ಚರ್ಚಿನಲ್ಲಿ ಓದುವ ಪ್ರಸಂಗ ಬರೆಯುವ ದಿನ ಅದು. ಮನೆಯಲ್ಲಿ ಆರು ಮಕ್ಕಳು, ಎರಡು ನಾಯಿ, ಮೇಲೆ ಅಡುಗೆಯವಳು ಕೆಜೈಯಾ ಎಂಬ ನಾನು. ಪಾತ್ರೆ ಸದ್ದು ಮಾಡಿದೆನೆಂದು ಹದಿನಾಲ್ಕು ವರ್ಷ ಬೈಸಿಕೊಂಡಿದ್ದೇನೆ. ಪಾತ್ರೆ ಸದ್ದು ಮಾಡದೆ ಹಾಡುತ್ತದೆಯೇ?

ಆ ಮನೆಯನ್ನು ನಡೆಸುತ್ತಿದ್ದವರು ಅವರ ಹೆಂಡತಿ ಹಾನರಮ್ಮನವರು. ಪಾದ್ರಿಗಿರಿ ಗಂಡನದು, ದುಡಿಮೆ ಹೆಂಡತಿಯದು ಎಂಬಂತಿತ್ತು ಬಾಳು. ಒಂದು ಕೈಯಲ್ಲಿ ಹರಿದ ಕಾಲುಚೀಲ ಹೊಲಿಯುತ್ತ ಹುಡುಗರಿಗೆ ಪಾಠ ಒಪ್ಪಿಸಿಕೊಳ್ಳುವರು, ಗಂಡನ ಪ್ರಸಂಗದ ತಪ್ಪು ತಿದ್ದುವರು, ಚಳಿಜ್ವರ ಬಂದವರ ಮನೆಗೆ ಕೆಸರು ತುಳಿದುಕೊಂಡು ಹಾವುಮೀನಿನ ಸಾರು ಒಯ್ಯುವರು. ಟೋಪಿ ಯಾವಾಗಲೂ ಸೊಟ್ಟಗೇ. ನಗು ಮಾತ್ರ ಊರಾಚೆಯ ಕಾಲುವೆಗೂ ಕೇಳಬೇಕು. ಅಂಥ ಹೆಂಗಸು ಕೂಡ ಕಣ್ಣು ಮುಚ್ಚಿಕೊಂಡು ಪಾಲಿಸುತ್ತಿದ್ದ ಪದ್ಧತಿಯೊಂದಿತ್ತು. ಅದನ್ನೇ ಹೇಳಹೊರಟಿದ್ದೇನೆ.

ನಮ್ಮ ಜೌಗು ಸೀಮೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಪಾದ್ರಿ ಮನೆಯಿಂದ ಬಾಣಂತಿ ಬುಟ್ಟಿ ಹೋಗುತ್ತಿತ್ತು. ಅದರಲ್ಲಿ ಎರಡು ಹಾಸುಬಟ್ಟೆ, ಕೂಸಿಗೆ ಉಣ್ಣೆಯ ಅಂಗಿ, ಚಹಾಪುಡಿ, ಸಕ್ಕರೆ, ಜೊತೆಗೊಂದು ಸೀಸೆ. ಬಟ್ಟೆಯನ್ನು ತಿಂಗಳಾದ ಮೇಲೆ ಒಗೆದು ಮರಳಿಸಬೇಕು, ಸೀಸೆ ಬಾಣಂತಿಗೇ. ಅದರಲ್ಲಿರುವುದು ನಿದ್ದೆ ಕಷಾಯ. ಪಾದ್ರಿಗಳ ತಾಯಿ ದೊಡ್ಡಮ್ಮನವರು ಹಿತ್ತಲಿನ ಬಿಳಿ ಗಸಗಸೆಯ ಹಸಿ ಕಾಯಿಗಳನ್ನು ಕಾಕಂಬಿ ಹಾಕಿ ತಾವೇ ಕಾಯಿಸಿದ್ದು. ಅದು ಅಫೀಮೇ, ಆದರೆ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೆಂಗಸರು ಬೆಳಕು ಹರಿಯುತ್ತಲೇ ಗುಂಪು ಕಟ್ಟಿಕೊಂಡು ಕಳೆ ಕೀಳಲು ಹೊಲಕ್ಕೆ ಹೋಗಬೇಕು. ಒಂದು ಚಮಚ ಕುಡಿಸಿದರೆ ಕೂಸು ಸಂಜೆತನಕ ತೊಟ್ಟಿಲಲ್ಲಿ ಗಪ್‌ಚಿಪ್. ನಮ್ಮ ಮನೆಯ ಕೂಸಿಗೂ ಶನಿವಾರ ಅದೇ ಚಮಚ.

ನಮ್ಮ ಮನೆಯ ಬಟ್ಟೆ ಒಗೆಯುವ ಟ್ಯಾಬಿತಾಳಿಗೆ ಎರಡು ಕೂಸು ಹೋಗಿ ಮೂರನೆಯದು ಹುಟ್ಟಿತು, ಗಂಡು. ಏಮಸ್ ಎಂದು ಹೆಸರಿಟ್ಟರು. ಹಾನರಮ್ಮನವರೇ ಬುಟ್ಟಿ ಹೊತ್ತು ಕೊಟ್ಟು ಬಂದರು. ಮೂರು ತಿಂಗಳ ಮೇಲೆ ಒಂದು ಶನಿವಾರ ನಾವಿಬ್ಬರೂ ಅವಳ ಗುಡಿಸಲಿಗೆ ಹೋದೆವು.

“ಟ್ಯಾಬಿ, ಕೂಸು ಚೆನ್ನಾಗಿ ಹಾಲು ಕುಡೀತಿದೆಯೇನೆ?”

“ಎದ್ದಾಗ ಕುಡೀತಾನೆ ಅಮ್ಮಾವ್ರೆ. ಏಳೋದೇ ಕಮ್ಮಿ. ಒಂದು ದಿನಾನೂ ಅತ್ತವನಲ್ಲ, ದೇವರಂಥಾ ಕೂಸು!”

ಅಮ್ಮನವರು ಹೊದಿಕೆ ಸರಿಸಿ ಎತ್ತಿಕೊಂಡರು. ಅಯ್ಯೋ, ಆ ಮುಖ! ಮೂರು ತಿಂಗಳ ಕೂಸಿಗೆ ಎಂಬತ್ತು ವರ್ಷದ ಮುದುಕನ ಮುಖ. ತೋಳು ನನ್ನ ಹೆಬ್ಬೆರಳಿನಷ್ಟಿತ್ತು.

“ಇವನಿಗೆ ಏನ್ ಕೊಡ್ತಿದೀಯ?” ಅಮ್ಮನವರ ದನಿ ಇಳಿದಿತ್ತು.

“ಇನ್ನೇನ್ ಕೊಡ್ಲಿ? ನೀವು ತಂದ್ಕೊಟ್ಟಿದ್ದೇ. ಮುಗಿದ್ ಮೇಲೆ ದೊಡ್ಡಮ್ಮಾವ್ರು ಇನ್ನೊಂದು ಸೀಸೆ ಕಳಿಸಿದ್ರು. ಅವರ ಹೊಟ್ಟೆ ತಣ್ಣಗಿರ್ಲಿ.”

ಮರಳಿ ಬರುವಾಗ ಅಮ್ಮನವರು ಕಾಲುವೆಯ ಸೇತುವೆ ಹತ್ತಿರ ನಿಂತು ಕೇಳಿದರು: “ಕೆಜೈಯಾ, ಅವಳ ಮೊದಲಿನ ಎರಡು ಕೂಸಿಗೂ ನಮ್ಮ ಬುಟ್ಟಿ ಹೋಗಿತ್ತಲ್ವಾ?”

“ಹೋಗಿತ್ತು ಅಮ್ಮಾವ್ರೆ. ನಾನೇ ಹೊತ್ಕೊಂಡು ಹೋಗಿದ್ದೆ.”



ಮನೆಗೆ ಬಂದರೆ ದೊಡ್ಡಮ್ಮನವರು ಅಮ್ಮನವರ ಐದು ತಿಂಗಳ ಕೂಸು ಹ್ಯೂನ ತೊಟ್ಟಿಲ ಮುಂದೆ ಚಮಚ ಹಿಡಿದು ಕೂತಿದ್ದಾರೆ!

“ಚಮಚ ಕೆಳಗಿಡಿ ಅತ್ತೆ.”

“ಯಾಕೆ? ಇವನು ಕಿರುಚಿದ್ರೆ ನನ್ನ ಮಗ ಬರೆಯೋದು ಹೇಗೆ?”

“ಬರೀದಿದ್ರೂ ಪರವಾಗಿಲ್ಲ. ಟ್ಯಾಬಿ ಕೂಸು ಸಾಯ್ತಾ ಇದೆ. ಹಸಿವಾಗಿದೆ ಅಂತ ಅಳೋಕೂ ಎಚ್ಚರ ಇಲ್ಲ ಅದಕ್ಕೆ.”

“ಬಡವರ ಮನೆ ಕೂಸು, ಹಾಲು ಸಾಲದೆ ಒಣಗಿರುತ್ತೆ. ಕಷಾಯಕ್ಕೆ ಯಾಕಮ್ಮ ದೂರು? ನಮ್ಮತ್ತೆ ಕೊಟ್ರು, ನಾನು ಕೊಟ್ಟೆ. ಒಂಬತ್ತು ಹೆತ್ತು ಸಾಕಿದ ಕೈ ಇದು, ನಿನ್ನೆ ಮೊನ್ನೆ ಬಂದ ನಿನ್ನ ಹತ್ರ ಪಾಠ ಹೇಳಿಸ್ಕೋಬೇಕಾ?”

“ಒಂಬತ್ತು ಹೆತ್ರಿ ಅತ್ತೆ. ಸಾಕಿದ್ದು ನಾಲ್ಕು.”

ಮುದುಕಿಯ ಕೈಯಲ್ಲಿ ಚಮಚ ವಾಲಿ ಕಷಾಯ ಮಡಿಲಿಗೆ ಚೆಲ್ಲಿತು. ಹಾಗೆಂದದ್ದಕ್ಕೆ ಅಮ್ಮನವರಿಗೇ ಕಣ್ಣು ತುಂಬಿತು.

“ಅದು ದೇವರ ಇಚ್ಛೆ,” ಎಂದರು ದೊಡ್ಡಮ್ಮನವರು ಮೆಲ್ಲಗೆ.

“ಚಮಚ ನಮ್ಮ ಕೈಲಿಟ್ಕೊಂಡು ದೇವರ ಹೆಸರು ಹೇಳೋದು ಬೇಡ ಅತ್ತೆ. ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.”

ಲೇಖನಿ ಹಿಡಿದೇ ಹೊರಗೆ ಬಂದ ಪಾದ್ರಿಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಹಾನರ್, ನಿಲ್ಲಿಸೋದಾದ್ರೆ ಸದ್ದಿಲ್ಲದೆ ನಿಲ್ಲಿಸು. ಊರಿಗೆ ಗೊತ್ತಾದ್ರೆ ಪಾದ್ರಿ ಮನೆಯವರೇ ವಿಷ ಹಂಚಿದ್ರು ಅಂತಾರೆ.”

“ಹಂಚಿದೀವಲ್ರೀ. ಸದ್ದಿಲ್ಲದೆ ನಿಲ್ಲಿಸಿದ್ರೆ ಮನೆಮನೆಯಲ್ಲಿರೋ ಸೀಸೆನ ಯಾರು ಚೆಲ್ತಾರೆ?”

ಪಾದ್ರಿಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಮ್ಮನವರು ಆ ಸಂಜೆಯೇ ಮತ್ತೆ ಟ್ಯಾಬಿಯ ಗುಡಿಸಲಿಗೆ ಹೋಗಿ, ಅಲ್ಲೇ ಕೂತು ಆ ಕೂಸಿಗೆ ತೊಟ್ಟು ತೊಟ್ಟು ಹಾಲು ಹಾಕಿದರು. ಸಮಯ ಮೀರಿತ್ತು. ಗುರುವಾರ ಮಧ್ಯಾಹ್ನ ಏಮಸ್ ಹೋದ, ಅದೂ ಸದ್ದಿಲ್ಲದೆ. ಶುಕ್ರವಾರ ಪಾದ್ರಿಗಳು ಮಣ್ಣು ಮಾಡಿಸಿದರು. ಮನೆಗೆ ಬಂದ ಮೇಲೆ ಅವರು ಊಟ ಮುಟ್ಟಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಕಷಾಯ ನಿಂತು ವಾರವಾಗಿದ್ದ ಹ್ಯೂ ಪ್ರಸಂಗದ ನಡುವೆ ಸೂರು ಹಾರಿಹೋಗುವಂತೆ ಕಿರುಚಿದ. ಜನ ತಿರುಗಿ ನೋಡಿದರು. ಅಮ್ಮನವರು ಅವನನ್ನೆತ್ತಿಕೊಂಡು ಎದ್ದರು. ಹೊರಗೆ ಹೋಗುತ್ತಾರೆಂದು ನಾವೆಲ್ಲ ಕಾಲು ಮಡಚಿ ದಾರಿ ಬಿಟ್ಟೆವು. ಅವರು ಹೋಗಲಿಲ್ಲ. ಹೆಂಗಸು ಬಾಯಿ ತೆರೆಯಬಾರದ ಆ ಜಾಗದಲ್ಲಿ ನಿಂತೇ ಮಾತಾಡಿದರು.

“ನಮ್ಮ ಬುಟ್ಟಿಯಲ್ಲಿ ಬಂದ ಸೀಸೆ ಯಾರ್ ಯಾರ ಮನೇಲಿದೆಯೋ, ಇವತ್ತೇ ಚೆಲ್ಲಿಬಿಡಿ. ಅದು ಕೂಸನ್ನ ಮಲಗಿಸಲ್ಲ, ಒಣಗಿಸುತ್ತೆ. ಟ್ಯಾಬಿ ಮನೆಗೆ ಅದನ್ನ ತಂದ್ಕೊಟ್ಟಿದ್ದು ನಾನು, ಈ ಕೈಯಾರೆ. ನಾಳೆಯಿಂದ ಹೊಲಕ್ಕೆ ಹೋಗೋವ್ರು ಕೂಸುಗಳನ್ನ ನಮ್ಮನೆ ಅಡುಗೆಮನೇಲಿ ಬಿಟ್ಟು ಹೋಗಿ. ಅಳ್ತಾವಾ? ಅಳ್ಳಿ.”

ಅಡುಗೆಮನೆ ಯಾರದು? ನನ್ನದು. ನನ್ನನ್ನು ಒಂದು ಮಾತು ಕೇಳಿದರೇ? ಆದರೂ ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಎಲ್ಲರ ಕಣ್ಣೂ ಪಾದ್ರಿಗಳ ಮೇಲೆ. ಅವರ ಮುಖ ಕೆಂಪಗಾಗಿ ಬಿಳುಪಾಯಿತು. “ನನ್ನ ಹೆಂಡತಿ ಹೇಳಿದ್ದು ನಿಜ,” ಎಂದರು. “ಸೀಸೆ ನನ್ನ ಮನೇದು. ಮಗು ಅಳ್ತಾ ಇರ್ಲಿ, ನಾನು ಸ್ವಲ್ಪ ಜೋರಾಗಿ ಓದ್ತೀನಿ.”

ದೊಡ್ಡಮ್ಮನವರು ಪ್ರಾರ್ಥನೆ ಪುಸ್ತಕದಿಂದ ಕಣ್ಣೆತ್ತದೆಯೇ ಕೈ ಚಾಚಿದರು. “ಕೊಡು ಇಲ್ಲಿ. ನಿನಗೆ ಕೂಸು ಎತ್ಕೊಳ್ಳೋಕೂ ಬರಲ್ಲ.” ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಪ್ರಾರ್ಥನೆ ಮುಗಿದು ಹೊರಗೆ ಬಂದರೆ ಟ್ಯಾಬಿ ಗೇಟಿನ ಹತ್ತಿರ ನಿಂತಿದ್ದಳು. ಬಯ್ಯುತ್ತಾಳೆಂದುಕೊಂಡೆ. ಬಯ್ದಿದ್ದರೆ ತಪ್ಪೇನೂ ಇರಲಿಲ್ಲ.

“ಮೊದಲೇ ಯಾಕ್ ಹೇಳ್ಲಿಲ್ಲ ಅಮ್ಮಾವ್ರೆ?”

“ಗೊತ್ತಿರಲಿಲ್ಲ ಟ್ಯಾಬಿ. ತಿಳ್ಕೊಳ್ಳೋಕೂ ಹೋಗ್ಲಿಲ್ಲ. ಅದು ನನ್ನ ತಪ್ಪು.”

ಹ್ಯೂ ಇನ್ನೂ ಕಿರುಚುತ್ತಲೇ ಇದ್ದ. ದೊಡ್ಡಮ್ಮನವರ ತೋಳಿನಿಂದ ಟ್ಯಾಬಿ ಅವನನ್ನು ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು. ಸುಮ್ಮನಾಗಿಸಲು ನೋಡಲಿಲ್ಲ.

“ಎಷ್ಟು ಗಟ್ಟಿ ಗಂಟಲು!” ಎಂದಳು. “ನನ್ನ ಮಗಂದು ಹೇಗಿತ್ತೋ, ನಾನು ಕೇಳ್ಲೇ ಇಲ್ಲ.”