ಬಂಕ್ ಬಂದರೆ ಎಡಕ್ಕೆ

"ಬಂಕ್ ಬಂತು. ಇಂಡಿಕೇಟರ್ ಹಾಕಿ, ಎಡಕ್ಕೆ ತಗೊಳ್ಳಿ," ಎಂದರು ಕ್ಲಚ್ ಮೇಡಂ.

"ಟ್ಯಾಂಕ್ ತುಂಬಿದೆಯಲ್ಲೇ," ಎಂದರು ಸ್ಟೇರಿಂಗ್ ಹಿಡಿದಿದ್ದವರು.

"ಪೆಟ್ರೋಲಿಗಲ್ಲ ಅಕ್ಕ. ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸೋದು ಅಭ್ಯಾಸ ಆಗ್ಲಿ ಅಂತ."

ಆ ಅಭ್ಯಾಸ ಮುಗಿಯುವುದರೊಳಗೆ ಮೇಡಂ ಬಾಗಿಲು ತೆರೆದು ಇಳಿದಿದ್ದರು. ಸೀಟಿನ ಕಡೆ ಒಮ್ಮೆ ತಿರುಗಿ ನೋಡಿ, ಕೈಚೀಲವನ್ನು ಎದೆಗವಚಿಕೊಂಡು ಬಂಕಿನ ಹಿಂಭಾಗಕ್ಕೆ ನಡೆದರು. ಅಕ್ಕ ಆ ನೋಟವನ್ನು ಗಮನಿಸಿದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಐವತ್ತು ದಾಟಿದ ಮೇಲೆ ಕಾರು ಕಲಿತೇ ತೀರುತ್ತೇನೆಂದು ಹಟ ಹಿಡಿದು, ತಂಗಿಯಂಥವಳ ಡ್ರೈವಿಂಗ್ ಸ್ಕೂಲಿಗೇ ಬಂದು ಕೂತಿದ್ದರು.

ಮೇಡಂ ಕಲಿಸುವ ದಾರಿ ಊರಿಗೇ ಪ್ರಸಿದ್ಧ. ಮೊದಲು ಬಂಕ್, ಆಮೇಲೆ ಲೈಬ್ರರಿ, ಅಲ್ಲಿಂದ ಹಲ್ಲಿನ ಡಾಕ್ಟರ ಕ್ಲಿನಿಕ್, ವಾಪಸು ಅದೇ ದಾರಿ. ಪ್ರತಿಯೊಂದು ಕಡೆಯೂ ಕಾರನ್ನು ಹಿಮ್ಮುಖವಾಗಿ ಗೋಡೆಯ ಪಕ್ಕ ನಿಲ್ಲಿಸಬೇಕು. ಇದರ ಹಿಂದೆ ಏನೋ ದೊಡ್ಡ ವಿದ್ಯೆ ಇದೆಯೆಂದು ಶಿಷ್ಯರು ನಂಬಿದ್ದರು. ಎದುರಾಳಿ ಸ್ಕೂಲಿನ ಮೀಸೆ ಮಾಸ್ಟರ್ ಒಂದು ದಿನ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದು ಆ ದಾರಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ತನ್ನವರಿಗೂ ಅದನ್ನೇ ಕಲಿಸತೊಡಗಿದ್ದ. ಆ ಮೂರು ಕಡೆಯೂ ಚೊಕ್ಕವಾದ ಟಾಯ್ಲೆಟ್ ಇದೆ, ವಿದ್ಯೆ ಅಷ್ಟೇ ಎನ್ನುವುದು ಪಾಪ, ಅವನಿಗೆ ಹೊಳೆಯಲಿಲ್ಲ.

ಮೇಡಂಗೆ ಮುಟ್ಟೆಂದರೆ ತಿಂಗಳಲ್ಲಿ ಅರ್ಧ ತಿಂಗಳು. ಬಂತೆಂದರೆ ನಲ್ಲಿ ಬಿಟ್ಟ ಹಾಗೆ. ಸೀಟಿಗೆ ಕಪ್ಪು ರೆಕ್ಸಿನ್, ಅದರ ಮೇಲೆ ಮಡಿಸಿದ ಟವೆಲ್, ಮೈಮೇಲೆ ಬೇಸಗೆಯಲ್ಲೂ ಕಪ್ಪು ಬಟ್ಟೆ. ಮೆಟ್ಟಿಲು ಹತ್ತಿದರೆ ಏದುಸಿರು. ಇಷ್ಟೆಲ್ಲ ಇದ್ದರೂ ಮನೆಯಲ್ಲಿ ಯಾರ ಮುಂದೆಯೂ ತುಟಿ ಪಿಟಕ್ಕೆಂದಿರಲಿಲ್ಲ.

ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಲೈಸೆನ್ಸ್ ಟೆಸ್ಟಿನ ಮೈದಾನವನ್ನು ಊರಾಚೆಗೆ ಸಾಗಿಸಿಬಿಟ್ಟರು. ಬಂಕ್ ದಾಟಿದರೆ ಆ ದಾರಿಯಲ್ಲಿ ಒಂದು ಗೂಡಂಗಡಿಯೂ ಇಲ್ಲ. ಮೈದಾನದಲ್ಲಿ ಇನ್‌ಸ್ಪೆಕ್ಟರ್ ಬರುವವರೆಗೆ ಕಾಯಬೇಕು, ಮರೆಗೆ ಒಂದು ಪೊದೆಯೂ ಇಲ್ಲ. ಮೇಡಂ ಏನೇನೋ ನೆಪ ಹೇಳಿ ತಮ್ಮ ಶಿಷ್ಯರನ್ನು ಮೀಸೆ ಮಾಸ್ಟರ್ ಜೊತೆ ಟೆಸ್ಟಿಗೆ ಕಳಿಸಿದರು. ಹೋದವರು ಮನೆಯ ತಮ್ಮ, ತಂಗಿ, ಭಾವಮೈದುನರನ್ನೆಲ್ಲ ಅವನ ಹತ್ತಿರವೇ ಕಲಿಯಲು ಸೇರಿಸಿದರು. ಹೀಗೇ ಆದರೆ ಸ್ಕೂಲಿನ ಬೋರ್ಡು ಇಳಿಸುವುದೇ ಸೈ ಎಂದು ಮೇಡಂಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವತ್ತು ಬಂಕಿನ ಹಿಂದಿನಿಂದ ಮೇಡಂ ಬಂದು ಕೂತ ಕೂಡಲೇ ಅಕ್ಕ ಕೇಳಿದರು. "ಎಷ್ಟು ವರ್ಷದಿಂದ?"

"ಏನು ಅಕ್ಕ?"

"ಈ ಬಂಕಿನ ಅಭ್ಯಾಸ. ನನಗೆ ಕಲಿಸಬೇಡ ಕಣೇ, ನಾನೂ ಹೀಗೇ ಬಾಗಿಲು ಹುಡುಕ್ಕೊಂಡು ಓಡಾಡಿದೋಳು. ನಾಳೆ ಡಾಕ್ಟರ ಹತ್ರ ಹೋಗ್ತಿದೀವಿ. ನನ್ನ ಹಾಗೆ ತೆಗೆಸಿ ಬಿಸಾಕು."

ಅಕ್ಕನ ಗರ್ಭಕೋಶ ತೆಗೆಸಿದ ಕಥೆ ಮನೆಯ ಪುರಾಣ. ಎಷ್ಟುದ್ದ ಕೊಯ್ದರು, ಎಷ್ಟು ಹೊಲಿಗೆ ಹಾಕಿದರು, ಎಷ್ಟು ತಿಂಗಳು ಬಿಂದಿಗೆ ಎತ್ತಲಿಲ್ಲ ಎಂಬುದು ನೆಂಟರ ಮಕ್ಕಳಿಗೂ ಗೊತ್ತಿತ್ತು. ಆದರೆ ಅಷ್ಟು ತಿಂಗಳು ಮಲಗಿದರೆ ಸ್ಕೂಲು ಉಳಿಯುವುದಿಲ್ಲ ಎನ್ನುವುದೇ ಮೇಡಂ ಭಯ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು. "ತೆಗೆಯೋದು ಬೇಡ. ಕೆಳಗಿನಿಂದಲೇ ಒಂದು ಸಣ್ಣ ಬಲೂನು ಒಳಗೆ ಬಿಟ್ಟು, ಬಿಸಿ ಕೊಟ್ಟು, ಗರ್ಭಕೋಶದ ಒಳಪದರ ಮಾತ್ರ ಸುಡ್ತೀವಿ. ಇನ್ನು ಮಕ್ಕಳು ಬೇಡ ಅನ್ನೋರಿಗೆ ಮಾತ್ರ ಇದು."

"ಇರೋ ಒಬ್ಬಳೇ ಸಾಕಾಗಿದಾಳೆ," ಎಂದರು ಮೇಡಂ.

"ಕೊಯ್ಯೋದೇ ಇಲ್ವಾ?" ಅಕ್ಕ ಕೇಳಿದರು.

"ಇಲ್ಲ."

"ಹೊಲಿಗೆ?"

"ಕೊಯ್ಯದೆ ಹೊಲಿಯೋದೇನು ಅಮ್ಮ? ಸಂಜೆಗೆ ಮನೆಗೆ ಹೋಗಬಹುದು. ಕೆಲವರಿಗೆ ಪೂರ್ತಿ ನಿಲ್ಲುತ್ತೆ, ಕೆಲವರಿಗೆ ಕಡಿಮೆ ಆಗುತ್ತೆ. ಗೊತ್ತಾಗೋಕೆ ಮೂರು ತಿಂಗಳಾದ್ರೂ ಬೇಕು. ಆಗದಿದ್ರೆ ಮುಂದೆ ನೋಡೋಣ."

ಅಕ್ಕನಿಗೆ ನಂಬಿಕೆ ಬರಲಿಲ್ಲ. ಚಿಕಿತ್ಸೆಯ ದಿನ ಎರಡು ಬ್ಯಾಗು, ಕಂಬಳಿ, ಫ್ಲಾಸ್ಕು, ಬಿಸಿನೀರಿನ ಚೀಲ ಹೊತ್ತುಕೊಂಡು, ಆಸ್ಪತ್ರೆಯಲ್ಲಿ ವಾರ ಕೂರುವ ಸಿದ್ಧತೆಯಲ್ಲೇ ಬಂದರು. ಮೇಡಂ ಗಂಡ ಪೇಪರಿನ ಮೊದಲ ಪುಟ ಓದಿ ಮುಗಿಸಿರಲಿಲ್ಲ, ನರ್ಸ್ ಬಂದು ಆಯಿತೆಂದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಲ್ಲ ಮುಗಿದಿತ್ತು. ಅಕ್ಕನ ಮುಖ ಊಟಕ್ಕೆ ಕರೆದು ನೀರು ಕೊಟ್ಟು ಕಳಿಸಿದಂತಾಯಿತು.

ಸಂಜೆ ಮನೆಗೆ ಹೋಗುವಾಗ ಇನ್ನೊಂದು ಫಜೀತಿ. ಮೇಡಂ ಅವತ್ತು ಕಾರು ಓಡಿಸುವಂತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಹಾಗೆ, ಗಂಡನಿಗೆ ಡ್ರೈವಿಂಗ್ ಬರುವುದಿರಲಿ, ಕಾರು ಹತ್ತಿದರೆ ತಲೆ ತಿರುಗುತ್ತದೆಂದು ಇಳಿಯುವವರೆಗೂ ಕಣ್ಣು ಮುಚ್ಚಿಕೊಂಡಿರುವ ಆಸಾಮಿ. ಅಕ್ಕ ಕೀ ಕಿತ್ತುಕೊಂಡರು. ಕಾನೂನು ಏನನ್ನುತ್ತದೋ ಯಾರೂ ಕೇಳಲಿಲ್ಲ.

ಹಲ್ಲಿನ ಡಾಕ್ಟರ ಕ್ಲಿನಿಕ್ ಬಂತು. ಅಕ್ಕ ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿಸಿ, ಹಿಮ್ಮುಖವಾಗಿ ಗೋಡೆಯ ಪಕ್ಕ ನಿಲ್ಲಿಸಿದರು.

"ಮನೆ ಬಂತಾ?" ಎಂದರು ಹಿಂದಿನ ಸೀಟಿನಿಂದ ಗಂಡ.

"ಹಲ್ಲಿನ ಡಾಕ್ಟರು," ಎಂದರು ಅಕ್ಕ.

ಇನ್ನೊಂದು ಸಲ ಕಾರು ನಿಂತಿತು.

"ಈಗ ಬಂತಾ?"

"ಲೈಬ್ರರಿ. ನೀವು ಸುಮ್ನೆ ಮಲಗಿ."

ಮೇಡಂಗೆ ಹೊಟ್ಟೆಯಲ್ಲಿ ಕಿವುಚುವ ನೋವು, ಅದರ ಮೇಲೆ ನಗು. "ಯಾಕೆ ಅಕ್ಕ ಎಲ್ಲಾ ಕಡೆ ನಿಲ್ಲಿಸ್ತೀರ?"

"ನೀನು ಕಲಿಸಿದ್ದು ಇಷ್ಟೇ. ನನಗೆ ನಿಲ್ಲಿಸದೆ ಹೋಗೋಕೆ ಬರಲ್ಲ."

ಬಂಕಿನಲ್ಲಿ ನಿಲ್ಲಿಸಿದಾಗ ಮಾತ್ರ ಅಕ್ಕ ಎಂಜಿನ್ ಆಫ್ ಮಾಡಿದರು. ಮೊದಲ ಸಲ ಅವರ ಸ್ವರ ತಗ್ಗಿತು.

"ಉಗುರಲ್ಲಿ ಹೋಗೋದಕ್ಕೆ ನನಗೆ ಕೊಡಲಿ ಹಾಕಿದ್ರಲ್ಲ ಕಣೇ. ಆಗ ಇದೆಲ್ಲ ಇತ್ತೋ ಇಲ್ವೋ ಗೊತ್ತಿಲ್ಲ. ಯಾರೂ ಹೇಳ್ಲಿಲ್ಲ. ನಾನಾದ್ರೂ ಯಾರನ್ನ ಕೇಳಿದ್ದೆ, ಬಾಯಿ ಬಿಟ್ಟು?"

ಇಷ್ಟು ವರ್ಷ ಹೊಲಿಗೆಯ ಕಥೆ ಕೇಳಿ ಕೇಳಿ ಬೇಸತ್ತಿದ್ದ ಮೇಡಂಗೆ, ಆ ಕಥೆಯಲ್ಲಿ ಅಕ್ಕ ಒಬ್ಬರೇ ಇದ್ದರೆಂದು ಈಗ ತಿಳಿದು ಸಂಕಟವಾಯಿತು. ಗೇರಿನ ಮೇಲಿದ್ದ ಅಕ್ಕನ ಕೈಮೇಲೆ ಕೈಯಿಟ್ಟರು.

"ಕ್ಲಚ್ ಒತ್ತಿ, ಅಕ್ಕ."

ಮೊದಲ ತಿಂಗಳು ಮುಟ್ಟು ಕಡಿಮೆಯಾಯಿತು. ಮೇಡಂ ನಂಬಲಿಲ್ಲ. ಎರಡನೆಯ ತಿಂಗಳು ಇನ್ನೂ ಕಡಿಮೆ. ಮೂರನೆಯ ತಿಂಗಳು ಬಂದು ಹೋದದ್ದೇ ತಿಳಿಯದಷ್ಟು. ಆದರೂ ಸೀಟಿನ ಟವೆಲ್ ತೆಗೆಯಲಿಲ್ಲ, ಇಳಿದ ಕೂಡಲೇ ತಿರುಗಿ ನೋಡುವುದನ್ನೂ ಬಿಡಲಿಲ್ಲ.

ಆಮೇಲೆ ಅಕ್ಕನ ಟೆಸ್ಟಿನ ದಿನ ಬಂತು. ಮೀಸೆ ಮಾಸ್ಟರ್ ಜೊತೆ ಹೋಗಿ ಎಂದು ಬಾಯಿತುದಿಗೆ ಬಂದ ಮಾತನ್ನು ಮೇಡಂ ನುಂಗಿಕೊಂಡರು. ಮುಟ್ಟಿನ ಎರಡನೆಯ ದಿನ. ಇವತ್ತಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಹತ್ತಿ ಕೂತರು.

ಬಂಕ್ ಕಂಡಿತು. ಅಕ್ಕನ ಕೈ ತಾನಾಗಿಯೇ ಇಂಡಿಕೇಟರಿಗೆ ಹೋಯಿತು.

"ನೇರ ಹೋಗಿ ಅಕ್ಕ."

"ಖಂಡಿತ?"

ಮೇಡಂ ಕೈಚೀಲವನ್ನು ಎದೆಗವಚಿಕೊಂಡರು. "ನೇರ," ಎಂದರು.

ಎಲ್ಲೂ ನಿಲ್ಲಿಸದೆ ಬೇಗನೆ ಬಂದದ್ದರಿಂದ ಮೈದಾನದ ಗೇಟಿನ ಬೀಗವನ್ನೇ ಇನ್ನೂ ತೆಗೆದಿರಲಿಲ್ಲ. ಗೇಟಿನ ಪಕ್ಕ ಸುಣ್ಣ ಬಳಿದ ಬಿಳಿ ಕಟ್ಟೆಯಿತ್ತು. ಇಬ್ಬರೂ ಕೂತು ಫ್ಲಾಸ್ಕಿನ ಕಾಫಿ ಕುಡಿದರು. ಬಿಸಿಲೇರಿತು. ಮೀಸೆ ಮಾಸ್ಟರ್ ತನ್ನ ದಂಡಿನೊಂದಿಗೆ ಬಂದು ಹುಬ್ಬೇರಿಸಿದ.

"ಏನ್ ಮೇಡಂ, ನೀವೇ ಬಂದ್ಬಿಟ್ರಿ?"

"ಇನ್ಮೇಲೆ ನಮ್ಮೋರನ್ನ ನಾನೇ ಕರ್ಕೊಂಡು ಬರ್ತೀನಿ ಮಾಸ್ಟರೇ."

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಜೀಪು ಬಂತು. ಗೇಟು ತೆರೆಯಿತು. ಮೇಡಂ ದಡಕ್ಕನೆ ಎದ್ದು, "ಬನ್ನಿ ಅಕ್ಕ, ಮೊದಲ ನಂಬರ್ ನಮ್ಮದೇ ಆಗ್ಲಿ," ಎನ್ನುತ್ತ ಮುಂದೆ ನಡೆದುಬಿಟ್ಟರು.

ಅಕ್ಕ ಏಳುತ್ತಾ ಕಟ್ಟೆಯ ಕಡೆ ತಿರುಗಿ ನೋಡಿದರು. ಬಿಳಿ ಸುಣ್ಣ, ಅಷ್ಟೇ. ದಾಪುಗಾಲು ಹಾಕಿ ಮೇಡಂನ ಹಿಂದೆ ಹೋಗಿ, ಅವರ ಕಪ್ಪು ಬಟ್ಟೆಯನ್ನು ಹಿಂದಿನಿಂದ ಪಟಪಟನೆ ಕೊಡವಿದರು.

ಮೇಡಂ ಗಾಬರಿಯಾಗಿ ನಿಂತರು. "ಏನಾಯ್ತು ಅಕ್ಕ?"

"ಏನಿಲ್ಲ. ಸುಣ್ಣ," ಎಂದರು ಅಕ್ಕ, ಇನ್ನೂ ಕೊಡವುತ್ತ.