ಹೋಗುವವರ ಕಾಲಂ

"ಸೇತುವೆ ಎಲ್ಲಿದೆ ಅಕ್ಕಾ?" ಎಂದು ಶವದ ವ್ಯಾನಿನ ಡ್ರೈವರ್ ಕೇಳಿದ. ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯೋ ಎಂದು ನೋಡಿ, ಮತ್ತೆ ಮುಂದಕ್ಕೆ ತಿರುಗಿಸಿದ. "ಇಲ್ಲಿ ಹೀಗಿದೆ ನೋಡಿ. 'ಮನೆಯಿಂದ ಹೊರಟು, ಹಳ್ಳದ ಹೊಸ ಸೇತುವೆಯ ಮೇಲೆ ಹಾದು, ಸ್ಮಶಾನ ತಲುಪುವುದು. ಅವಧಿ ಹನ್ನೆರಡು ನಿಮಿಷ.' ಹದಿನಾರು ವರ್ಷದಿಂದ ಈ ಕಡೆ ಗಾಡಿ ಓಡಿಸ್ತಿದೀನಿ, ಅಂಥದ್ದೊಂದು ನನ್ನ ಕಣ್ಣಿಗೇ ಬಿದ್ದಿಲ್ಲ."

"ಕಟ್ಟಿದ್ರೆ ತಾನೇ ಕಣ್ಣಿಗೆ ಬೀಳೋಕೆ," ಎಂದು ಒಳಗಿನಿಂದ ತಾಯಿಯ ದನಿ ಬಂತು.

ಮಗಳು ಕಾಗದ ಇಸಿದುಕೊಂಡಳು. ಬೆಳಿಗ್ಗೆ ಬಟ್ಟೆಯ ಕಪಾಟಿನಲ್ಲಿ ಕಂಬಳಿಗಳ ಅಡಿ ಸಿಕ್ಕ ಕಡತದ ಹಾಳೆ ಅದು. ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ, 'ಅಂತಿಮ ಯಾತ್ರೆ: ಹಂತವಾರು ಯೋಜನೆ'. ಕೆಳಗೆ ಇಪ್ಪತ್ತು ವರ್ಷ ಹಿಂದಿನ ತಾರೀಕು.

ಅಪ್ಪ ಮೂವತ್ತೊಂದು ವರ್ಷ ಪ್ರಾದೇಶಿಕ ಅಭಿವೃದ್ಧಿ ಕಚೇರಿಯಲ್ಲಿ ಯೋಜನೆ ಬರೆಯುವ ಕೆಲಸದಲ್ಲಿದ್ದವರು. ಈ ಸೀಮೆಯ ಪ್ರಮುಖ ಕೈಗಾರಿಕೆಗಳು ಯಾವುವು, ಅವು ಬೆಳೆಯಬೇಕಾದರೆ ಏನು ಮಾಡಬೇಕು ಎಂದು ಲೆಕ್ಕ ಹಾಕಿ, ಹಂತ ಹಂತವಾಗಿ ಬರೆದು ಮೇಲಕ್ಕೆ ಕಳಿಸುವುದು. ಬಾಯಿ ತೆರೆದರೆ ಮೊದಲನೇ ಹಂತ, ಎರಡನೇ ಹಂತ. ಹಾಗಾಗಿ ಊರಿಗೆಲ್ಲ ಅವರು ಹಂತಪ್ಪನವರು. ಒಟ್ಟು ಒಂಬತ್ತು ಯೋಜನೆ ಬರೆದರು. ಒಂಬತ್ತರಲ್ಲಿ ಒಂದೂ ಮೊದಲನೇ ಹಂತ ದಾಟಲಿಲ್ಲ. ಮೊದಲನೇ ಹಂತವೆಂದರೆ ಸಭೆ ಕರೆಯುವುದು.

ಈ ಹತ್ತನೆಯ ಯೋಜನೆಯ ಮೊದಲನೇ ಹಂತ ಮಾತ್ರ ಆಗಲೇ ಮುಗಿದಿತ್ತು. 'ಮೃತರ ಪತ್ನಿ ಅಳುವುದು. ಅವಧಿ ಇಪ್ಪತ್ತು ನಿಮಿಷ.'

"ನನ್ನ ಅಳುವಿಗೂ ಟೈಮು ಹಾಕಿಟ್ಟು ಹೋಗಿದ್ದಾರೆ ಮಹಾನುಭಾವರು," ಎಂದು ತಾಯಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಬೇಕೂಂತಲೇ ಹತ್ತು ನಿಮಿಷ ಜಾಸ್ತಿ ಅತ್ತಿದೀನಿ. ಏನು ಮಾಡ್ಕೋತಾರೋ ಮಾಡ್ಕೊಳ್ಳಲಿ."

"ಅಕ್ಕಾ, ರಸ್ತೆ ಸುತ್ತಿ ಹೋದ್ರೆ ಹದಿನಾಲ್ಕು ಕಿಲೋಮೀಟರು," ಎಂದ ಡ್ರೈವರ್. "ಈಗ ಒಂದು ಗಂಟೆ. ಐದಕ್ಕೆ ಗುಂಡಿ ತೋಡೋನು ಗೇಟಿಗೆ ಬೀಗ ಹಾಕ್ಕೊಂಡು ಹೋಗ್ತಾನೆ. ಹೊರಡೋಣ್ವಾ?"

"ಸೇತುವೆ ಮೇಲೇ ಹೋಗಬೇಕು," ಎಂದಳು ಮಗಳು.

"ಇಲ್ಲದ ಸೇತುವೆ ಮೇಲಾ?"

"ಅಪ್ಪ ಬರೆದದ್ದರಲ್ಲಿ ಒಂದಾದರೂ ಬರೆದ ಹಾಗೆ ನಡೀಲಿ ಅಣ್ಣ. ಇನ್ನು ಅವರು ಹನ್ನೊಂದನೇದು ಬರೆಯಲ್ಲ."

ಡ್ರೈವರ್ ತಲೆ ಕೆರೆದುಕೊಂಡು ವ್ಯಾನಿನ ನೆರಳಿಗೆ ಹೋದ.

ಅಂಗಳದಲ್ಲಿ ಮೂರು ಬೆಂಚುಗಳು, ಮೂರರ ಮೇಲೂ ಒಬ್ಬೊಬ್ಬರು, ಮೂವರೂ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ಕೂತಿದ್ದರು. ಭಟ್ಟಿಯ ಇಟ್ಟಿಗೆ ಮಾವ, ಹಗ್ಗ ಹೊಸೆಯುವ ಅಂಗಳದ ಹಗ್ಗದಣ್ಣ, ಹಾಲಿನ ಸಂಘದ ಹಾಲಕ್ಕ. ಅಪ್ಪನ ಒಂಬತ್ತು ಯೋಜನೆಗಳ ಮೂರು ಪ್ರಮುಖ ಕೈಗಾರಿಕೆಗಳು ಇವರೇ. ಭಟ್ಟಿಯ ಬೂದಿ ಹುಲ್ಲಿನ ಮೇಲೆ ಬಿದ್ದು ಹಸು ಹಾಲು ಕೊಡುತ್ತಿಲ್ಲವೆಂದು ಹಾಲಕ್ಕನಿಗೆ ಸಿಟ್ಟು. ಹಾಲಕ್ಕನ ಹಸುಗಳು ಹಸಿ ಇಟ್ಟಿಗೆ ತುಳಿದುಹೋದವೆಂದು ಇಟ್ಟಿಗೆ ಮಾವನಿಗೆ ಸಿಟ್ಟು. ನಾರು ನೆನೆಹಾಕುವ ಹೊಂಡದ ವಾಸನೆಯೆಂದು ಇಬ್ಬರೂ ಬೈಯುತ್ತಾರೆಂದು ಹಗ್ಗದಣ್ಣನಿಗೆ ಸಿಟ್ಟು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಈ ಮೂವರನ್ನು ಅಪ್ಪ ಇಪ್ಪತ್ತೆರಡು ಸಲ ಒಂದೇ ಮೇಜಿನ ಸುತ್ತ ಕೂರಿಸಿದ್ದರು. ಇಪ್ಪತ್ತೆರಡು ಸಲವೂ ಸರ್ವಾನುಮತದಿಂದ ಆದ ತೀರ್ಮಾನ ಒಂದೇ, ಮುಂದಿನ ಸಭೆಯ ದಿನಾಂಕ.

ಮಗಳು ಎರಡನೇ ಹಂತ ಓದಿದಳು. "'ಪ್ರಮುಖ ಕೈಗಾರಿಕೆಗಳ ಪ್ರತಿನಿಧಿಗಳು ತಲಾ ಮೂರು ನಿಮಿಷ ಮಾತಾಡತಕ್ಕದ್ದು.'"

ಹಗ್ಗದಣ್ಣ ಎದ್ದು ಗಂಟಲು ಸರಿಮಾಡಿಕೊಂಡ. "ಹಂತಪ್ಪನವರು ಯಾವಾಗಲೂ ಹೇಳ್ತಿದ್ರು, ಈ ಸೀಮೆಗೆ ಹಗ್ಗವೇ ಪ್ರಮುಖ..."

"ಯಾವಾಗ ಹೇಳಿದ್ರು?" ಇಟ್ಟಿಗೆ ಮಾವ ಅರ್ಧ ಎದ್ದ. "ಪಟ್ಟಿಯಲ್ಲಿ ಮೊದಲು ಇಟ್ಟಿಗೆ!"

"ಅಕಾರಾದಿ ಪ್ರಕಾರ ಬರೆದಿದ್ದು ಕಣಯ್ಯಾ ಅದು. ನಿನ್ನ ಮುಖ ನೋಡಿ ಅಲ್ಲ," ಎಂದಳು ಹಾಲಕ್ಕ, ತಿರುಗಿ ನೋಡದೆ.

"ಒಂದು ನಿಮಿಷ ನನ್ನದು ಹೋಯ್ತು! ಇವರಿಬ್ಬರ ಲೆಕ್ಕದಲ್ಲಿ ಕಳೀರಿ!" ಎಂದ ಹಗ್ಗದಣ್ಣ.

"ಎಲ್ಲ ಅವರಿದ್ದ ಹಾಗೇ ಇದೆ," ಎಂದಳು ತಾಯಿ ಬಾಗಿಲಲ್ಲಿ ನಿಂತು. "ಚಹಾ ಒಂದು ಕಮ್ಮಿ."

* * *

ಮಗಳಿಗೆ ಆಗ ಹನ್ನೆರಡು ವರ್ಷ. ಅಪ್ಪ ಒಂದು ವಾರ ಹಳ್ಳದ ದಡದ ಕಲ್ಲಿನ ಮೇಲೆ, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಈ ದಡದಲ್ಲಿ ಭಟ್ಟಿ, ಹಗ್ಗದಂಗಳ, ಹಾಲಿನ ಸಂಘ. ಆ ದಡದಲ್ಲಿ ಸಂತೆಗೆ ಹೋಗುವ ದೊಡ್ಡ ರಸ್ತೆ, ಸ್ಮಶಾನ. ನಡುವೆ ಸೊಂಟದ ಮಟ್ಟದ ನೀರು. ಒಂದು ಸೇತುವೆಯಾದರೆ ಮೂರು ಕೈಗಾರಿಕೆಯೂ ಬದುಕುತ್ತವೆ ಎಂದು ಅಪ್ಪ ಬರೆದಿದ್ದಕ್ಕೆ, ಎಷ್ಟು ಜನ ದಾಟುತ್ತಾರೆ ಎಣಿಸಿ ಕಳಿಸಿ ಎಂದು ಮೇಲಿನಿಂದ ಉತ್ತರ ಬಂದಿತ್ತು. ಪುಸ್ತಕದಲ್ಲಿ ಎರಡು ಕಾಲಂ: ಹೋಗುವವರು, ಬರುವವರು. ಒಬ್ಬರಿಗೆ ಒಂದು ಗೆರೆ.

ನಾಲ್ಕು ದಿನವಾದರೂ ಒಂದು ಗೆರೆಯೂ ಬೀಳಲಿಲ್ಲ. ಮಗಳಿಗೆ ತಡೆಯಲಾಗಲಿಲ್ಲ. ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. ಆ ದಡಕ್ಕೆ ಹೋದಳು, ಈ ದಡಕ್ಕೆ ಬಂದಳು, ಮತ್ತೆ ಹೋದಳು. ಆರು ಸಲ.

"ಅಪ್ಪಾ, ಬರ್ಕೊಂಡ್ರಾ?"

"ಮನೆಯವರನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ ಪುಟ್ಟಾ. ಅದು ಕಳ್ಳಲೆಕ್ಕ." ಪೆನ್ಸಿಲ್ ಕಿವಿಯ ಹಿಂದೆಯೇ ಇತ್ತು. "ಬಾ, ತಲೆ ಒರೆಸ್ತೀನಿ."

ಏಳು ದಿನದಲ್ಲಿ ದಾಟಿದ್ದು ಒಂದು ಎಮ್ಮೆ. ಅದನ್ನೂ 'ಜನರಲ್ಲ' ಎಂದು ಷರಾ ಬರೆದು ಬಿಟ್ಟುಬಿಟ್ಟರು.

ಮೇಲಧಿಕಾರಿ ವರದಿ ನೋಡಿ ನಕ್ಕರಂತೆ. "ದಾಟೋರೇ ಇಲ್ಲದ ಕಡೆ ಸೇತುವೆ ಯಾಕ್ರೀ?"

"ಸೇತುವೆ ಇಲ್ಲ ಸಾರ್, ಅದಕ್ಕೇ ದಾಟ್ತಿಲ್ಲ."

"ಮೊದಲು ದಾಟಲಿ. ಆಮೇಲೆ ನೋಡೋಣ."

* * *

ಅಂಗಳದಲ್ಲಿ ಮೂರನೇ ಹಂತವಾದ ಸೇತುವೆಯ ಸಾಲು ಓದಿದಾಗ ಎಲ್ಲರಿಗೂ ನಗು ಬಂತು. ಸಾವಿನ ಮನೆಯೆಂದು ಮೊದಲು ಕೆಮ್ಮಿದರು, ಆಮೇಲೆ ನಕ್ಕೇಬಿಟ್ಟರು. ಮೂರು ಬೆಂಚುಗಳೂ ಒಟ್ಟಿಗೆ ನಕ್ಕವು. ಇಪ್ಪತ್ತೆರಡು ಸಭೆಯಲ್ಲಿ ಆಗದ ಒಗ್ಗಟ್ಟು ಅದು.

ಮಗಳು ನಗಲಿಲ್ಲ. ಅವಳು ಹೊಲಿಗೆ ಅಂಗಡಿ ಇಟ್ಟವಳು, ಅಳೆಯದೆ ಕತ್ತರಿ ಹಾಕಿದವಳಲ್ಲ. ಮೊಳೆಗೆ ತೂಗುಹಾಕಿದ್ದ ಟೇಪು ಕೊರಳಿಗೆ ಹಾಕಿಕೊಂಡು ಸೀದಾ ಹಳ್ಳದ ಕಡೆ ನಡೆದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಬಂದರು. ಹೆಣ ಮನೆಯಲ್ಲಿ, ಜನವೆಲ್ಲ ಹಳ್ಳದಲ್ಲಿ.

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಟೇಪು ಹಿಡಿದಳು. ಟೇಪು ಸಾಲದೆ ಎಂಟು ಸಲ ಸರಿಸಬೇಕಾಯಿತು. ಆ ದಡ ಮುಟ್ಟಿ ತಿರುಗಿ ನೋಡಿದಳು. "ಹನ್ನೆರಡು ಮೀಟರು. ಅಷ್ಟೇ. ಇದಕ್ಕೆ ಅವರು ಮೂವತ್ತೊಂದು ವರ್ಷ ನಿಮ್ಮ ಕಾಲು ಹಿಡಿದ್ರು."

ಈ ದಡದಲ್ಲಿದ್ದ ಹಾಲಕ್ಕ, ಯಾರಿಗೂ ಹೇಳದ ಹಾಗೆ ಹೇಳಿದಳು: "ಖಾಲಿ ಕ್ಯಾನು ನೀರಲ್ಲಿ ಮುಳುಗಲ್ಲ. ತೊಳೆಯುವಾಗ ಎಷ್ಟು ಸಲ ತೇಲಿಹೋಗಿ, ಓಡಿ ಹಿಡಿದಿದೀನೋ. ಸಂಘದ ಹಿಂದೆ ಹಳೇವು ಐವತ್ತು ಬಿದ್ದಿವೆ."

"ಬರೀ ಕ್ಯಾನು ತೇಲಿದ್ರೆ ಸಾಕಾ?" ಹಗ್ಗದಣ್ಣನಿಗೆ ತಡೆಯಲಾಗಲಿಲ್ಲ. "ಕಟ್ಟೋರು ಯಾರು? ನನ್ನ ಹಗ್ಗ ಇಲ್ಲದೆ ಒಂದೊಂದು ಕ್ಯಾನೂ ಒಂದೊಂದು ಊರಿಗೆ ಹೋಗುತ್ತೆ!"

"ಕಟ್ಟಿದ ಮೇಲೆ ಕ್ಯಾನಿನ ಮೇಲೆ ಕುಪ್ಪಳಿಸ್ಕೊಂಡು ಹೋಗ್ತೀಯೇನಯ್ಯಾ?" ಇಟ್ಟಿಗೆ ಮಾವ ತೋಳು ಮಡಚಿದ. "ಇಟ್ಟಿಗೆ ಒಣಗಿಸೋ ಹಲಗೆ ಯಾರ ಹತ್ರ ಇದೆ? ದಡಕ್ಕೆ ಮೆಟ್ಟಿಲು ಯಾವುದರಲ್ಲಿ ಕಟ್ತೀರಿ, ಮೊಸರಲ್ಲಾ?"

ಹೀಗೆ ಜಗಳವಾಡುತ್ತಲೇ ಕೆಲಸ ಹತ್ತಿತು. ಒಬ್ಬರು ಹತ್ತು ತಂದರೆ ಇನ್ನೊಬ್ಬರು ಹಠಕ್ಕೆ ಇಪ್ಪತ್ತು. ಮೂರೂವರೆಯ ಹೊತ್ತಿಗೆ ಎರಡೂ ದಡದಲ್ಲಿ ಇಟ್ಟಿಗೆಯ ಮೆಟ್ಟಿಲು, ನಡುವೆ ಜೋಡಿಜೋಡಿಯಾಗಿ ಬಿಗಿದ ಕ್ಯಾನುಗಳು, ಮೇಲೆ ಹಲಗೆ. ನೋಡಲು ಸೇತುವೆಯಂತಿರಲಿಲ್ಲ. ಗುಜರಿ ಅಂಗಡಿಯೊಂದು ಹಳ್ಳ ದಾಟಲು ಹೊರಟು ಮಧ್ಯದಲ್ಲಿ ಮಲಗಿದಂತಿತ್ತು.

ಶವದ ಪೆಟ್ಟಿಗೆ ಹೊತ್ತ ಆರು ಜನ ಹಲಗೆ ಹತ್ತಿದಾಗ ಕ್ಯಾನುಗಳು ಗುಳುಗುಳು ಎಂದವು. ಡ್ರೈವರ್ ವ್ಯಾನು ಅಲ್ಲೇ ಬಿಟ್ಟು, ಕಾಗದ ಹಿಡಿದು, ಗಡಿಯಾರ ನೋಡುತ್ತ ಮುಂದೆ ನಡೆದ. ಇಟ್ಟಿಗೆ ಮಾವ, ಹಗ್ಗದಣ್ಣ ಇಬ್ಬರೂ ಸೊಂಟದ ನೀರಲ್ಲಿ ನಿಂತು ಎರಡು ಕಡೆಯಿಂದ ಕ್ಯಾನು ಒತ್ತಿಹಿಡಿದಿದ್ದರು. ಮಧ್ಯಕ್ಕೆ ಬಂದಾಗ ಪೆಟ್ಟಿಗೆ ಎಡಕ್ಕೆ ವಾಲಿತು.

"ನಿಧಾನ! ಒಟ್ಟಿಗೆ ಎಡಗಾಲು!" ದಡದಿಂದ ಹಾಲಕ್ಕ ಕೂಗಿದಳು. "ಒಂದು ಸಲವಾದ್ರೂ ಒಟ್ಟಿಗೆ!"

"ನಿನ್ನ ಮೈಯೆಲ್ಲ ಆ ಹೊಂಡದ ನಾತ ಕಣೋ," ಎಂದ ಇಟ್ಟಿಗೆ ಮಾವ, ಹಲ್ಲು ಕಚ್ಚಿ.

"ಮೂಗು ಬೇಕಾದ್ರೆ ಮುಚ್ಕೋ ಮಾರಾಯ. ಕೈ ಬಿಡಬೇಡ."

ಕೈ ಬಿಡಲಿಲ್ಲ. ಪೆಟ್ಟಿಗೆ ನೆಟ್ಟಗಾಯಿತು, ಆ ದಡದ ಮೆಟ್ಟಿಲು ಹತ್ತಿತು. ಸ್ಮಶಾನದ ಗೇಟಿನಲ್ಲಿ ಡ್ರೈವರ್ ಘೋಷಿಸಿದ: "ಹದಿನೆಂಟು ನಿಮಿಷ!"

"ನಾನು ಹತ್ತು ನಿಮಿಷ ಜಾಸ್ತಿ ಅತ್ತೆ, ಅವರು ಆರು ನಿಮಿಷ ಜಾಸ್ತಿ ತಗೊಂಡ್ರು," ಎಂದಳು ತಾಯಿ. "ಈಗಲೂ ನನ್ನದೇ ಮೇಲುಗೈ." ಆಮೇಲೆ ಟೈಮಿಲ್ಲದ ಅಳು ಅತ್ತಳು. ಯಾರೂ ಗಡಿಯಾರ ನೋಡಲಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಅದೇ ಹಲಗೆಯ ಮೇಲೆ ಮರಳಿದರು. ಹಗ್ಗದಣ್ಣ ಗಂಟು ಬಿಚ್ಚಲು ಬಗ್ಗಿದ.

"ಇರಲಿ ಬಿಡೋ," ಎಂದಳು ಹಾಲಕ್ಕ. "ನಾಳೆ ಬೆಳಿಗ್ಗೆ ಹಾಲು ಈ ಕಡೆಯಿಂದಲೇ ಹೋಗಲಿ. ಆಮೇಲೆ ಬಿಚ್ಚೋಣ."

"ನನ್ನದೂ ಎರಡು ಸುರುಳಿ ಸಂತೆಗೆ ಹೋಗಬೇಕಿತ್ತು," ಎಂದು ಅವನು ಗಂಟನ್ನು ಇನ್ನೂ ಒಂದು ಸುತ್ತು ಬಿಗಿದ. ಇಟ್ಟಿಗೆ ಮಾವ ಅಲುಗಾಡುತ್ತಿದ್ದ ಮೆಟ್ಟಿಲಿಗೆ ಒಂದು ಇಟ್ಟಿಗೆ ಒತ್ತು ಕೊಟ್ಟ.

ಮಗಳು ಅಪ್ಪ ಕೂರುತ್ತಿದ್ದ ಕಲ್ಲಿನ ಮೇಲೆ ಕೂತಿದ್ದಳು. ಕಡತದೊಳಗೇ ಇದ್ದ ಆ ಹಳೆಯ ಪುಸ್ತಕ ಮೊಣಕಾಲ ಮೇಲಿತ್ತು. ಅವಳೂ ತಾಯಿಯೂ ಬಿಟ್ಟು, ದಾಟಿದವರಿಗೆಲ್ಲ ಗೆರೆ ಎಳೆದಿದ್ದಳು. ಹೋಗುವವರು ನಲವತ್ತೊಂದು, ಬರುವವರು ನಲವತ್ತೊಂದು. ಪೆನ್ಸಿಲ್ ಹೋಗುವವರ ಕಾಲಂನ ಕೊನೆಯಲ್ಲಿ ನಿಂತಿತ್ತು.

"ಏನೇ ಯೋಚನೆ?" ತಾಯಿ ಪಕ್ಕದಲ್ಲಿ ಕೂತಳು.

"ಅಪ್ಪನ್ನ ಲೆಕ್ಕಕ್ಕೆ ಹಿಡೀಬೇಕೋ ಬೇಡವೋ ಅಂತ. ಮನೆಯವರನ್ನ ಹಿಡಿಯೋ ಹಾಗಿಲ್ಲ ಅಂತ ಅವರೇ ಹೇಳಿದ್ರು."

ತಾಯಿ ಹಳ್ಳವನ್ನು ನೋಡಿದಳು. "ಮೂವತ್ತೊಂದು ವರ್ಷ ಮನೇಲಿ ಎಲ್ಲಿದ್ರು ಅವರು? ಊರಿನವರೇ ಆಗಿದ್ರು. ಬರ್ಕೋ."

ಮಗಳು ಗೆರೆ ಎಳೆದಳು. ಹೋಗುವವರ ಸಾಲು ಬರುವವರ ಸಾಲಿಗಿಂತ ಒಂದು ಗೆರೆ ಉದ್ದವಾಗಿ ನಿಂತಿತು.

ಆ ದಡದಲ್ಲಿ ಯಾರೋ ಅಪರಿಚಿತ ಸೈಕಲ್ಲಿನಿಂದ ಇಳಿದು, ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ. ಆಮೇಲೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಈ ಕಡೆ ನಡೆದು ಬರತೊಡಗಿದ.